ಅವಿಭಕ್ತ ಮನೆಯೂ ಮಗಳ ಪಾಲೂ

ಹಿಜರಿ 3ನೆಯ ವರ್ಷ, ಅಂದರೆ ಕ್ರಿ.ಶ. 625ರಲ್ಲಿ, ಉಹುದ್ ಯುದ್ಧಭೂಮಿಯಲ್ಲಿ ಮದೀನಾದ ಸಹಾಬಿ ಸಅದ್ ಇಬ್ನ್ ರಬೀಅ್(ರ) ಹುತಾತ್ಮರಾದರು. ಅವರ ಸಹೋದರನು ಆಸ್ತಿಯೆಲ್ಲವನ್ನೂ ತನ್ನ ವಶಕ್ಕೆ ತೆಗೆದುಕೊಂಡನು. ಸಅದ್‌ರ ವಿಧವೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದು, ಆಸ್ತಿಯಿಲ್ಲದೆ ಈ ಮಕ್ಕಳ ಮದುವೆಯೂ ಆಗಲಾರದೆಂದು ಅಳಲು ತೋಡಿಕೊಂಡರು. ಹದೀಸ್ ಗ್ರಂಥಗಳು ದಾಖಲಿಸಿರುವ ಈ ಪ್ರಸಂಗ ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಅಂದಿನ ಸಮಾಜದ ಕಣ್ಣಿನಲ್ಲಿ ಆ ಸಹೋದರನು ಕಳ್ಳನಾಗಿರಲಿಲ್ಲ. ಆಯುಧ ಹಿಡಿದು ಗೋತ್ರವನ್ನು ಕಾಯಬಲ್ಲವನೇ ವಾರೀಸುದಾರ ಎಂಬುದು ಅಲ್ಲಿನ ರೂಢಿಯಾಗಿತ್ತು. ಅವನು ರೂಢಿಯಂತೆ ನಡೆದಿದ್ದನು, ಅಷ್ಟೆ. ಅನ್ನಿಸಾ ಅಧ್ಯಾಯದ ವಾರೀಸು ಸೂಕ್ತಗಳು ಅವತೀರ್ಣವಾದದ್ದು ಆ ರೂಢಿಯ ಎದುರಿನಲ್ಲಿ. ಪ್ರವಾದಿ(ಸ)ಯವರು ಆಸ್ತಿಯ ಮೂರನೆಯ ಎರಡು ಭಾಗವನ್ನು ಹೆಣ್ಣುಮಕ್ಕಳಿಗೂ, ಎಂಟನೆಯ ಒಂದು ಭಾಗವನ್ನು ಅವರ ತಾಯಿಗೂ ಕೊಡಿಸಿದರು. 24 ಪಾಲು ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3. ಎಲ್ಲವನ್ನೂ ತೆಗೆದುಕೊಂಡಿದ್ದ ಸಹೋದರನಿಗೆ ಉಳಿದದ್ದು 5.

ಕುಟುಂಬವೆಂಬುದು ಎಲ್ಲ ಕಾಲದಲ್ಲಿಯೂ, ಎಲ್ಲ ನಾಡಿನಲ್ಲಿಯೂ ಒಂದೇ ಆಕಾರದಲ್ಲಿ ಇದ್ದುದಿಲ್ಲ. ನಮ್ಮದೇ ಕೇರಿಯಲ್ಲಿ ನೋಡಿರಿ. ಹಿಂದೂ ನೆರೆಹೊರೆಯ ಅನೇಕ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ರೂಢಿಯಲ್ಲಿದೆ. ನಮಗೆ ಅದು ನಿಷಿದ್ಧ. ಚಿಕ್ಕಪ್ಪನ ಮಗಳು ನಮ್ಮಲ್ಲಿ ಮದುವೆಗೆ ಒಗ್ಗುತ್ತಾಳೆ. ಅವರಲ್ಲಿ ಆಕೆ ತಂಗಿ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮನೆತನವು ತಾಯಿಯಿಂದ ಮಗಳಿಗೆ ಹರಿಯುತ್ತಿತ್ತು. ಕಾಸರಗೋಡಿನಿಂದ ದಕ್ಷಿಣಕ್ಕೆ, ಉತ್ತರ ಮಲಬಾರಿನ ಮಾಪಿಳ್ಳೆ ಮುಸ್ಲಿಮರಲ್ಲಿಯೂ ಅನೇಕರು ಮಾತೃಮೂಲದ ತರವಾಡಿನಲ್ಲಿ ಬಾಳಿದರು. ತರವಾಡಿನ ಸದಸ್ಯರು ತಮ್ಮ ಪಾಲನ್ನು ಬೇರ್ಪಡಿಸಿ ಕೇಳಬಹುದೆಂದು ಮದರಾಸು ಪ್ರಾಂತದ ಕಾನೂನು ಹೇಳಿದ್ದು 1939ರಲ್ಲಿ. ಇದಕ್ಕೆ ವಿರುದ್ಧವಾಗಿ, ಕಛ್ಛೀ ಮೇಮನರು ಇಸ್ಲಾಮನ್ನು ಸ್ವೀಕರಿಸಿದ ನಂತರವೂ ತಲೆಮಾರುಗಳ ಕಾಲ ವಾರೀಸಿನ ವಿಷಯದಲ್ಲಿ ಹಿಂದೂ ರೂಢಿಯನ್ನೇ ಅನುಸರಿಸಿದರು. 1938ರ ಕಾಯಿದೆಯಿಂದ ಅದು ಕೊನೆಗೊಂಡಿತು. ಸ್ಥಳೀಯ ರೂಢಿ ಒಂದೆಡೆ ಹೆಣ್ಣಿಗೆ ಗಟ್ಟಿಯಾದ ನೆಲೆ ಕೊಟ್ಟಿತು. ಮತ್ತೊಂದೆಡೆ ಷರೀಅತ್ ಕೊಟ್ಟ ಪಾಲನ್ನೂ ಕಸಿದುಕೊಂಡಿತು.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಮೈಸೂರು ಸೀಮೆಗೆ ರೇಷ್ಮೆ ಬಂದದ್ದು 18ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನರ ಆಸಕ್ತಿಯಿಂದ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ರೈತರು ಹಿಪ್ಪುನೇರಳೆ ಬೆಳೆದು ಹುಳು ಸಾಕಿದರು. ಶಿಡ್ಲಘಟ್ಟದ ಅನೇಕ ಮುಸ್ಲಿಮ್ ಮನೆಗಳು ಗೂಡಿನಿಂದ ನೂಲು ಬಿಚ್ಚುವ ಕಸುಬನ್ನು ಹಿಡಿದವು. ಈ ಕಸುಬು ಮನೆಯ ಆಕಾರವನ್ನೇ ರೂಪಿಸಿತು. ಒಬ್ಬರು ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳಬೇಕು, ಒಬ್ಬರು ಒಲೆ ಉರಿಸಬೇಕು, ಒಬ್ಬರು ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹಿಡಿಯಬೇಕು, ಒಬ್ಬರು ಚರಕ ತಿರುಗಿಸಬೇಕು. ಹಲವು ಕೈಗಳಿಲ್ಲದೆ ನಡೆಯದ ಕೆಲಸವಾದ್ದರಿಂದ ಅಣ್ಣತಮ್ಮಂದಿರು ಒಂದೇ ಸೂರಿನಡಿ ಉಳಿದರು. ಅಡುಗೆಮನೆ ಒಂದು, ಬಂಡವಾಳ ಒಂದು, ಲೆಕ್ಕ ಹಿರಿಯಣ್ಣನ ಕೈಯಲ್ಲಿ. ಹೆಣ್ಣುಮಕ್ಕಳೂ ಮದುವೆಯಾಗುವವರೆಗೆ ದುಡಿದರು. ಅವರ ಬೆರಳುಗಳೂ ಆ ಬಿಸಿನೀರಿನಲ್ಲಿ ಬೆಂದವು.

ಈ ಅವಿಭಕ್ತ ಮನೆಯಲ್ಲಿ ಒಳಿತು ಬಹಳವಿತ್ತು. ವೃದ್ಧರು ಒಂಟಿಯಾಗಲಿಲ್ಲ, ಅನಾಥರು ಬೀದಿಗೆ ಬೀಳಲಿಲ್ಲ. ಆದರೆ ಅದರೊಳಗೆ ಒಂದು ಮರೆವೂ ಇತ್ತು. ಇಸ್ಲಾಮೀ ನಿಯಮದಂತೆ, ಸಾಲ ಮತ್ತು ವಸೀಯತ್ತನ್ನು ತೀರಿಸಿದ ಮೇಲೆ ಉಳಿಯುವ ಆಸ್ತಿಯಲ್ಲಿ ಪ್ರತಿಯೊಬ್ಬ ವಾರೀಸುದಾರರಿಗೂ ಮರಣದೊಂದಿಗೇ ಹಕ್ಕು ಹುಟ್ಟುತ್ತದೆ. ನಮ್ಮಲ್ಲಿ ಆದದ್ದೇನು? ತಂದೆ ತೀರಿಕೊಂಡರೂ ಮನೆ ಒಡೆಯಲಿಲ್ಲ, ಆದ್ದರಿಂದ ಪಾಲಿನ ಮಾತೇ ಬರಲಿಲ್ಲ. ಹತ್ತು, ಇಪ್ಪತ್ತು ವರ್ಷಗಳ ನಂತರ ಅಣ್ಣತಮ್ಮಂದಿರು ಬೇರೆಯಾದಾಗ ಪಾಲುಪತ್ರದಲ್ಲಿ ಅವರ ಹೆಸರುಗಳು ಮಾತ್ರ ಇದ್ದವು. ಅಷ್ಟು ಹೊತ್ತಿಗೆ ಅಕ್ಕತಂಗಿಯರು ಬೇರೆ ಮನೆಯ ಸೊಸೆಯರಾಗಿ, ಅಜ್ಜಿಯರೂ ಆಗಿದ್ದರು.

ಇಂತಹ ಪತ್ರಗಳನ್ನು ಓದಿ ಹೇಳಿರೆಂದು ನನ್ನಂತಹ ಉಸ್ತಾದರ ಬಳಿಗೆ ತರುವುದುಂಟು. ಅಕ್ಕತಂಗಿಯರ ಹೆಸರೆಲ್ಲಿ ಎಂದು ಕೇಳಿದರೆ, "ಅವರು ಮಾಫ್ ಮಾಡಿದ್ದಾರೆ ಹಜ್ರತ್" ಎಂಬ ಉತ್ತರ ಬರುತ್ತದೆ. ಒಮ್ಮೆ ಒಬ್ಬ ವೃದ್ಧೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ನಂತರ ನನ್ನೊಡನೆ ಹೇಳಿದರು: "ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚಿಹೋಗುತ್ತದೆ ಬಾಬಾ. ಈದಿಗೆ ಹೋಗಲಿಕ್ಕೆ ನನಗೊಂದು ಮನೆ ಬೇಡವೇ?" ತನ್ನ ಹಕ್ಕೆಷ್ಟೆಂದು ತಿಳಿದು ಸಂತೋಷದಿಂದ ಬಿಟ್ಟುಕೊಡುವುದಕ್ಕೆ ಧರ್ಮದಲ್ಲಿ ಅವಕಾಶವಿದೆ. ಭಯದಿಂದ ಒತ್ತಿದ ಹೆಬ್ಬೆಟ್ಟು ಕ್ಷಮೆಯಾಗುವುದು ಹೇಗೆ? ಮದುವೆಗೆ ಮಾಡಿದ ಖರ್ಚೇ ಪಾಲಾಯಿತೆಂಬ ವಾದಕ್ಕೂ ಷರೀಅತ್ತಿನಲ್ಲಿ ಆಧಾರವಿಲ್ಲ. ಗಂಡುಮಕ್ಕಳ ಮದುವೆಗೆ ಮಾಡಿದ ಖರ್ಚನ್ನು ಅವರ ಪಾಲಿನಲ್ಲಿ ಯಾರೂ ಕಳೆಯುವುದಿಲ್ಲವಲ್ಲ.

ಕಾನೂನಿನ ಇತಿಹಾಸವನ್ನೂ ನೋಡಿರಿ. 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು. ಕರ್ನಾಟಕವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಕೊಟ್ಟಿತು; 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದ ಹೆಣ್ಣುಮಕ್ಕಳನ್ನೂ ಸೇರಿಸಿತು. ಮುಸ್ಲಿಮರಿಗೆ ರೂಢಿಯ ಬದಲು ಷರೀಅತ್ ಅನ್ವಯವಾಗಬೇಕೆಂಬ 1937ರ ಕಾಯಿದೆಯ ಹಿಂದೆ ಉಲಮಾಗಳ ಜೊತೆಗೆ ಮುಸ್ಲಿಮ್ ಮಹಿಳಾ ಸಂಘಟನೆಗಳ ಬೇಡಿಕೆಯೂ ಇತ್ತು. ಆದರೆ ಆ ಕಾಯಿದೆ ಕೃಷಿಭೂಮಿಯನ್ನು ಹೊರಗಿಟ್ಟಿತು. ಹದಿನಾಲ್ಕು ಶತಮಾನಗಳ ಹಿಂದೆಯೇ ಹೆಣ್ಣಿಗೆ ಪಾಲು ಕೊಟ್ಟವರು ನಾವೆಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಕೊಟ್ಟದ್ದು ಅಲ್ಲಾಹನು, ನಾವು ಕೊಟ್ಟಿದ್ದೇವೆಯೇ ಎಂಬುದೇ ಪ್ರಶ್ನೆ.

ಈಗ ಮನೆಗಳು ಮತ್ತೆ ಬದಲಾಗುತ್ತಿವೆ. ಚರಕದ ಜಾಗಕ್ಕೆ ಕಾಟೇಜ್ ಬೇಸಿನ್ ಬಂದಿತು, ಈಗ ಸ್ವಯಂಚಾಲಿತ ಯಂತ್ರವೂ ಬಂದಿದೆ; ಗೂಡಿನ ಹರಾಜು ಇ-ಹರಾಜಾಗಿದೆ. ಗೌರಿಬಿದನೂರು, ಚಿಕ್ಕಬಳ್ಳಾಪುರದ ಯುವಕರು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವರು ಅಲ್ಲಿಯೇ ಸಂಸಾರ ಹೂಡುತ್ತಾರೆ. ಅವಿಭಕ್ತ ಮನೆ ಒಡೆಯಿತೆಂದು ಹಿರಿಯರು ಮರುಗುತ್ತಾರೆ. ಆ ಮರುಕ ಸಹಜ. ಆದರೆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರಬೇಕೆಂಬುದು ಕಸುಬು ಕಲಿಸಿದ ಪಾಠ, ಧರ್ಮ ವಿಧಿಸಿದ ಕಡ್ಡಾಯವಲ್ಲ. ಧರ್ಮ ವಿಧಿಸಿದ್ದು ರಕ್ತಸಂಬಂಧದ ಪಾಲನೆಯನ್ನು, ತಂದೆತಾಯಿಯರ ಸೇವೆಯನ್ನು ಮತ್ತು ಪಾಲಿನ ನ್ಯಾಯವನ್ನು. ಇವು ಮೂರೂ ದೊಡ್ಡ ಮನೆಯಲ್ಲಿ ತಪ್ಪಿಹೋಗಬಹುದು, ಚಿಕ್ಕ ಮನೆಯಲ್ಲಿ ನಡೆಯಬಹುದು.

ಆದುದರಿಂದ ಓದುಗ ಬಾಂಧವರಲ್ಲಿ ಒಂದು ವಿನಂತಿ. ಮನೆಯ ಹಿರಿಯರು ತೀರಿಕೊಂಡಾಗ ಅಂದು ಏನೇನಿತ್ತೆಂದು ಬರೆದಿಡಿರಿ. ನಿವೇಶನ, ಯಂತ್ರ, ದಾಸ್ತಾನಿನ ನೂಲು, ಬರಬೇಕಾದ ಹಣ, ತೀರಿಸಬೇಕಾದ ಸಾಲ ಎಲ್ಲವೂ ಆ ಪಟ್ಟಿಯಲ್ಲಿರಲಿ. ಪಟ್ಟಿಯಿಲ್ಲದಿದ್ದರೆ, ಯಾವುದು ತಂದೆ ಬಿಟ್ಟದ್ದು, ಯಾವುದು ಅಣ್ಣನು ನಂತರ ದುಡಿದದ್ದು ಎಂದು ಹತ್ತು ವರ್ಷಗಳ ಮೇಲೆ ಯಾರೂ ಹೇಳಲಾರರು, ಅಣ್ಣನಿಗೂ ಅನ್ಯಾಯವಾದೀತು. ತಿಳಿದ ಆಲಿಮರಿಂದ ಲೆಕ್ಕ ಹಾಕಿಸಿ, ಅಕ್ಕತಂಗಿಯರನ್ನು ಕರೆದು ಕೂರಿಸಿ ಅವರ ಪಾಲನ್ನು ಅವರೆದುರಿಗೇ ಓದಿ ಹೇಳಿರಿ. ಮನೆ ಒಡೆಯದೆ ಮುಂದುವರಿಯುವುದಾದರೂ ಅವರ ಪಾಲು ಕಾಗದದ ಮೇಲೆ ಇರಲಿ.

ಸಅದ್(ರ)ರ ಸಹೋದರನಿಗೆ ಪ್ರವಾದಿ(ಸ)ಯವರ ಆಜ್ಞೆ ತಲುಪುವವರೆಗೆ ರೂಢಿಯ ನೆಪವಾದರೂ ಇತ್ತು. ನಮಗೆ ಆ ನೆಪವೂ ಇಲ್ಲ. ಹಕ್ಕುದಾರರಿಗೆ ಅವರ ಹಕ್ಕನ್ನು ಸಲ್ಲಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.