ಹಳಿ ಬದಲಿಸಲಾಗದ ಆ್ಯಪ್‌ಗಳು

ಮೀಟರ್ ಗೇಜ್ ಹಳಿಯ ಬೋಗಿ ಬ್ರಾಡ್ ಗೇಜ್ ಹಳಿಯ ಮೇಲೆ ಓಡಲಾರದು. ಹಿಂದೆ ಈ ಎರಡೂ ಹಳಿಗಳು ಕೂಡುವ ನಿಲ್ದಾಣಗಳಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೊಂದು ಗಾಡಿಗೆ ಹೇರಬೇಕಿತ್ತು. ಸ್ಮಾರ್ಟ್‌ಫೋನ್‌ಗಳ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ಒಂದು ಬಗೆಯ ಫೋನಿಗೆಂದು ಬರೆದ ಆ್ಯಪ್ ಮತ್ತೊಂದರಲ್ಲಿ ಹಾಗೆಯೇ ನಡೆಯದು. ಎರಡು ದೊಡ್ಡ ಕಂಪೆನಿಗಳ ಫೋನ್ ವ್ಯವಸ್ಥೆಗಳು ಕಣ್ಮರೆಯಾಗಲು ಈ ತೊಡಕು ಮುಖ್ಯ ಕಾರಣಗಳಲ್ಲೊಂದು.

ಐಫೋನ್‌ಗಾಗಿ ಆ್ಯಪಲ್ ಕಂಪೆನಿ ಆ್ಯಪ್ ಮಳಿಗೆ ತೆರೆದದ್ದು 2008ರ ಜುಲೈನಲ್ಲಿ. ಅಕ್ಟೋಬರಿನಲ್ಲಿ ಗೂಗಲ್ ತನ್ನ ಆಂಡ್ರಾಯ್ಡ್ ಮಳಿಗೆ ತೆರೆಯಿತು. ಆಗ ಐಫೋನ್ ಆ್ಯಪ್‌ಗಳನ್ನು ಆಬ್ಜೆಕ್ಟಿವ್-ಸಿ ಎಂಬ ಗಣಕ ಭಾಷೆಯಲ್ಲಿ, ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾವಾದಲ್ಲಿ ಬರೆಯಲಾಗುತ್ತಿತ್ತು. ಆದರೆ ಭಾಷೆ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಕ್ಯಾಮೆರಾ ತೆರೆಯಲು, ಪರದೆಯ ಮೇಲೆ ಗುಂಡಿ ಮೂಡಿಸಲು, ಹಣ ಪಡೆಯಲು ಆ್ಯಪ್ ಪ್ರತಿ ಬಾರಿಯೂ ಫೋನಿನ ಮೂಲ ತಂತ್ರಾಂಶದ ನೆರವು ಕೋರಬೇಕು. ಕೋರುವ ವಿಧಾನ ಒಂದೊಂದರಲ್ಲಿ ಒಂದೊಂದು. ಹೀಗಾಗಿ ಕಣ್ಣಿಗೆ ಕಾಣುವ ಭಾಗವನ್ನಂತೂ ಹೊಸದಾಗಿಯೇ ಕಟ್ಟಬೇಕಾಗುತ್ತಿತ್ತು.

2010ರ ಅಕ್ಟೋಬರಿನಲ್ಲಿ ಐಫೋನಿಗೆ ಬಂದ ಇನ್‌ಸ್ಟಾಗ್ರಾಂ ಆಂಡ್ರಾಯ್ಡ್ ತಲುಪಿದ್ದು 2012ರ ಏಪ್ರಿಲ್‌ನಲ್ಲಿ. ಮೊದಲ ದಿನವೇ 10 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಇಳಿಸಿಕೊಂಡರು. ಬಳಕೆದಾರರ ದೊಡ್ಡ ಸಮೂಹವೇ ಕಾದಿದ್ದರಿಂದ ಪಟ್ಟ ಶ್ರಮ ಸಾರ್ಥಕವಾಯಿತು. ಹೊಸ ವ್ಯವಸ್ಥೆಯೊಂದಿಗೆ ತಡವಾಗಿ ಬಂದವರಿಗೆ ಈ ಅನುಕೂಲವಿರಲಿಲ್ಲ.

ನೂರು ಡಾಲರ್ ಬಹುಮಾನ

ಕೆನಡಾದ ಬ್ಲ್ಯಾಕ್‌ಬೆರಿ ಕಂಪೆನಿ 2013ರ ಜನವರಿಯಲ್ಲಿ ಬ್ಲ್ಯಾಕ್‌ಬೆರಿ 10 ವ್ಯವಸ್ಥೆಯನ್ನು ಹೊರತಂದಿತು. ಆಂಡ್ರಾಯ್ಡ್ ಆ್ಯಪ್‌ಗಳನ್ನು ಹೊಸ ಪೊಟ್ಟಣಕ್ಕೆ ತುಂಬಿ ಇಲ್ಲಿ ನಡೆಸುವ ಏರ್ಪಾಡು ಅದರಲ್ಲಿತ್ತು. ಹಾಗೆ ತಂದು ಅಂಗೀಕಾರ ಪಡೆದ ಆ್ಯಪ್‌ಗೆ ನೂರು ಡಾಲರ್ ಕೊಡುವ ಯೋಜನೆಯನ್ನೂ ಕಂಪೆನಿ ನಡೆಸಿತು. ಬಿಡುಗಡೆಯ ದಿನ ಸುಮಾರು 70,000 ಆ್ಯಪ್‌ಗಳು ಸಿದ್ಧವಿದ್ದವು. ಆದರೆ ಜನ ಕೇಳುತ್ತಿದ್ದ ಇನ್‌ಸ್ಟಾಗ್ರಾಂ, ನೆಟ್‌ಫ್ಲಿಕ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ. 2015ರಲ್ಲಿ ಕಂಪೆನಿ ಆಂಡ್ರಾಯ್ಡ್ ಫೋನನ್ನೇ ಮಾರಲು ತೊಡಗಿತು.

ಮೈಕ್ರೊಸಾಫ್ಟ್‌ನ ಸೇತುವೆಗಳು

2010ರಲ್ಲಿ ವಿಂಡೋಸ್ ಫೋನ್ ತಂದ ಮೈಕ್ರೊಸಾಫ್ಟ್, ಮರುವರ್ಷ ನೋಕಿಯಾದೊಂದಿಗೆ ಕೈಜೋಡಿಸಿತು. ಆದರೂ ಆ್ಯಪ್‌ಗಳ ಬರ ನೀಗಲಿಲ್ಲ. 2015ರ ಏಪ್ರಿಲ್‌ನಲ್ಲಿ ಅದು ಎರಡು 'ಸೇತುವೆ'ಗಳನ್ನು ಪ್ರಕಟಿಸಿತು. ಐಲ್ಯಾಂಡ್‌ವುಡ್ ಎಂಬುದು ಐಫೋನ್ ಆ್ಯಪ್‌ನ ಮೂಲ ಬರಹವನ್ನು ವಿಂಡೋಸ್‌ಗೆ ಒಗ್ಗಿಸುವ ಸಾಧನ. ಆಸ್ಟೋರಿಯಾ ಎಂಬುದು ಆಂಡ್ರಾಯ್ಡ್ ಆ್ಯಪನ್ನು ಅಲ್ಪ ಬದಲಾವಣೆಯೊಂದಿಗೆ ನಡೆಸುವ ಉಪಾಯ.

ಆಸ್ಟೋರಿಯಾ ಒಂದು ಹಳೆಯ ಪ್ರಶ್ನೆಯನ್ನು ಕೆದಕಿತು. ಐಬಿಎಂ ಕಂಪೆನಿಯ ಓಎಸ್/2 1992ರಲ್ಲಿ ವಿಂಡೋಸ್ ತಂತ್ರಾಂಶಗಳನ್ನೂ ನಡೆಸಬಲ್ಲದಾಗಿತ್ತು. ಹಾಗಿದ್ದ ಮೇಲೆ ಓಎಸ್/2ಗೆಂದೇ ಬೇರೆ ಬರೆಯುವುದೇಕೆ ಎಂದು ತಂತ್ರಾಂಶ ರಚಿಸುವವರು ಸುಮ್ಮನಾದರು. ಅಂದು ಅದರ ಲಾಭ ಪಡೆದ ಮೈಕ್ರೊಸಾಫ್ಟ್, ಇಂದು ಐಬಿಎಂ ನಿಂತಿದ್ದ ಜಾಗದಲ್ಲೇ ನಿಂತಿತ್ತು. 2016ರ ಫೆಬ್ರುವರಿಯಲ್ಲಿ ಆಸ್ಟೋರಿಯಾ ರದ್ದಾಯಿತು.

2017ರ ಅಕ್ಟೋಬರಿನಲ್ಲಿ ಕಂಪೆನಿಯ ಹಿರಿಯ ಅಧಿಕಾರಿ ಜೋ ಬೆಲ್ಫಿಯೋರ್ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡರು. ಹಣ ಕೊಟ್ಟೆವು, ಇತರರ ಪರವಾಗಿ ಆ್ಯಪ್‌ಗಳನ್ನು ನಾವೇ ಬರೆದೆವು, ಆದರೆ ಬಳಸುವವರ ಸಂಖ್ಯೆಯೇ ಸಾಲದಾಯಿತು ಎಂಬುದು ಅವರ ಮಾತಿನ ಸಾರ. ಆ್ಯಪ್ ಇಲ್ಲವೆಂದು ಜನ ಬರಲಿಲ್ಲ. ಜನ ಇಲ್ಲವೆಂದು ಆ್ಯಪ್ ಬರಲಿಲ್ಲ. 2019ರ ಕೊನೆಗೆ ವಾಟ್ಸ್‌ಆ್ಯಪ್ ಕೂಡ ವಿಂಡೋಸ್ ಫೋನ್‌ಗಳನ್ನು ಕೈಬಿಟ್ಟಿತು. ಕೆಡದ ಫೋನ್ ಕೈಯಲ್ಲಿದ್ದರೂ ಸಂದೇಶ ಬರುವುದು ನಿಂತಿತು.

ಒಮ್ಮೆ ಬರೆದದ್ದನ್ನು ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ನಡೆಸಬಲ್ಲ ರಿಯಾಕ್ಟ್ ನೇಟಿವ್, ಫ್ಲಟರ್‌ನಂಥ ಸಲಕರಣೆಗಳು ಈಗ ಇವೆ. ಇತ್ತ ಚೀನಾದ ಹುವಾವೇ 2024ರಲ್ಲಿ ತಂದ ಹಾರ್ಮನಿ ಓಎಸ್ ನೆಕ್ಸ್ಟ್ ಆಂಡ್ರಾಯ್ಡ್ ಆ್ಯಪ್‌ಗಳನ್ನು ನೇರವಾಗಿ ನಡೆಸುವುದಿಲ್ಲ. ಆದರೂ ವೀಚಾಟ್‌ನಂಥ ಆ್ಯಪ್‌ಗಳು ಅದಕ್ಕೆಂದೇ ಸಿದ್ಧವಾದವು. ಹುವಾವೇ ಫೋನ್ ಹಿಡಿದ ಅಪಾರ ಜನ ಅಲ್ಲಿ ಮೊದಲೇ ಇದ್ದರು. ಬ್ಲ್ಯಾಕ್‌ಬೆರಿ, ಮೈಕ್ರೊಸಾಫ್ಟ್‌ಗಳಿಗೆ ಒದಗದೆ ಹೋದದ್ದು ಅದೇ.