ಕೃತಕ ಕಾಲಿನ ನಡಿಗೆ: ಮಾಪನದ ಇತಿಹಾಸ ಮತ್ತು ಮಾನದಂಡದ ಪ್ರಶ್ನೆ

ಕಳೆದುಹೋದ ಕಾಲಿಗೆ ಬದಲಿ ಕಾಲನ್ನು ಜೋಡಿಸುವ ಕಲ್ಪನೆ ಪ್ರಾಚೀನವಾದುದು. ಋಗ್ವೇದದ ಮೊದಲನೆಯ ಮಂಡಲದಲ್ಲಿ ಅಶ್ವಿನೀದೇವತೆಗಳು ವಿಶ್ಪಲೆಗೆ ಲೋಹದ ಕಾಲನ್ನು ಒದಗಿಸಿದ ಉಲ್ಲೇಖವಿದೆ. ಆಕೆ ಮತ್ತೆ ಚಲಿಸುವಂತಾಗಲೆಂಬುದು ಅಲ್ಲಿನ ಆಶಯ. ಚಲನೆ ಎಷ್ಟರ ಮಟ್ಟಿಗೆ ಮರಳಿತೆಂಬ ಪ್ರಶ್ನೆ ಅಲ್ಲಿ ಉದ್ಭವಿಸುವುದಿಲ್ಲ. ಆ ಪ್ರಶ್ನೆ ಆಧುನಿಕ ಕಾಲದ್ದು. ಅದಕ್ಕೆ ದೊರೆತ ಉತ್ತರಗಳ ಇತಿಹಾಸವನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಇತಿಹಾಸದ ಮುಖ್ಯ ಘಟ್ಟಗಳಲ್ಲಿ ಕೆಲವು ಯುದ್ಧಗಳೊಂದಿಗೆ ತಳಕುಹಾಕಿಕೊಂಡಿವೆ. ಅಮೆರಿಕದ ಅಂತರ್ಯುದ್ಧದಲ್ಲಿ ಸಹಸ್ರಾರು ಸೈನಿಕರು ಕಾಲು ಕಳೆದುಕೊಂಡಾಗ, ವೈದ್ಯ ಹಾಗೂ ಸಾಹಿತಿ ಆಲಿವರ್ ವೆಂಡೆಲ್ ಹೋಮ್ಸ್ 1863ರಲ್ಲಿ ಬೀದಿಯ ಪಾದಚಾರಿಗಳ ಕ್ಷಣಚಿತ್ರಗಳನ್ನು ಆಧರಿಸಿ ನಡಿಗೆಯ ಹಂತಗಳನ್ನು ವಿವರಿಸಿದನು. ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ, 1945ರಿಂದ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಶಸ್ತ್ರವೈದ್ಯ ವರ್ನ್ ಇನ್ಮನ್ ಹಾಗೂ ಸ್ವತಃ ಕಾಲು ಕಳೆದುಕೊಂಡಿದ್ದ ಇಂಜಿನಿಯರ್ ಹೋವರ್ಡ್ ಎಬರ್‌ಹಾರ್ಟ್ ವ್ಯಾಪಕ ಸಂಶೋಧನೆ ಕೈಗೊಂಡರು. ಸ್ವಯಂಸೇವಕರ ಮೂಳೆಗಳಿಗೇ ಕಡ್ಡಿಗಳನ್ನು ತೂರಿಸಿ ಕೀಲುಗಳ ತಿರುಗುವಿಕೆಯನ್ನು ಅಳೆದುದೂ ಉಂಟು. ಸಹಜ ನಡಿಗೆಯೇ ಮಾನದಂಡ, ಕೃತಕ ಕಾಲಿನ ನಡಿಗೆ ಅದರಿಂದಾದ ವಿಚಲನೆ ಎಂಬ ದೃಷ್ಟಿ ಇಲ್ಲಿ ನೆಲೆಗೊಂಡಿತು.

1976ರಲ್ಲಿ ರಾಬರ್ಟ್ ವಾಟರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ದೃಷ್ಟಿಗೆ ಹೊಸ ಆಯಾಮ ನೀಡಿತು. ಅಂಗಚ್ಛೇದನ ಮೇಲ್ಮಟ್ಟದಲ್ಲಿ ಆದಷ್ಟೂ ಒಂದು ಮೀಟರ್ ನಡೆಯಲು ತಗಲುವ ಶಕ್ತಿ ಹೆಚ್ಚುತ್ತದೆ. ಆದರೆ ವ್ಯಕ್ತಿ ತನ್ನ ವೇಗವನ್ನು ತಗ್ಗಿಸಿಕೊಂಡು, ನಿಮಿಷವೊಂದರ ಶ್ರಮವನ್ನು ಸಹನೀಯ ಮಿತಿಯಲ್ಲಿರಿಸಿಕೊಳ್ಳುತ್ತಾನೆ. ನಿಧಾನಗತಿ ಕೇವಲ ದೋಷವಲ್ಲ, ಶರೀರ ಕಂಡುಕೊಂಡ ಹೊಂದಾಣಿಕೆಯೂ ಹೌದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮುಂದೆ ಪ್ರಯೋಗಾಲಯದ ಹೊರಗೂ ನಡೆಸಬಹುದಾದ ಸರಳ ಪರೀಕ್ಷೆಗಳು ಬಳಕೆಗೆ ಬಂದವು. ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವ ಕಾಲವನ್ನು ಎಣಿಸುವ ಪರೀಕ್ಷೆ 1991ರಲ್ಲಿ ವೃದ್ಧರಿಗಾಗಿ ರೂಪಿತವಾಗಿ, ಅನಂತರ ಕೃತಕ ಕಾಲು ಧರಿಸಿದವರಿಗೂ ಅನ್ವಯವಾಯಿತು. 1990ರ ದಶಕದಲ್ಲಿ ಅಮೆರಿಕದ ಮೆಡಿಕೇರ್ ವ್ಯವಸ್ಥೆ ಇಂತಹವರನ್ನು ಸೊನ್ನೆಯಿಂದ ನಾಲ್ಕರವರೆಗಿನ ಐದು ಶ್ರೇಣಿಗಳಲ್ಲಿ ವಿಂಗಡಿಸಿತು. ಯಾರಿಗೆ ಯಾವ ಬಗೆಯ ಮಂಡಿ, ಪಾದ ದೊರೆಯಬೇಕೆಂಬುದು ಈ ಶ್ರೇಣಿಯನ್ನು ಅವಲಂಬಿಸಿದ್ದರಿಂದ ಅಳತೆಯೇ ಹಕ್ಕಿನ ನಿರ್ಣಾಯಕವಾಯಿತು. ಶ್ರೇಣೀಕರಣಕ್ಕೆ ವಸ್ತುನಿಷ್ಠ ಆಧಾರವನ್ನು ಒದಗಿಸಲು ರಾಬರ್ಟ್ ಗೇಲಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಒಂದು ಮಾಪಕವನ್ನು ಪ್ರಕಟಿಸಿದರು. ಸಮತೋಲನ, ಹೆಜ್ಜೆಯ ಉದ್ದ, ಅಡೆತಡೆ ದಾಟುವಿಕೆ, ಮೆಟ್ಟಿಲು ಮೊದಲಾದವು ಅದರ ಅಂಶಗಳು.

ಭಾರತದ ಅನುಭವ ಇಲ್ಲಿ ಭಿನ್ನವಾದ ಪ್ರಶ್ನೆಯನ್ನು ಮುಂದಿಡುತ್ತದೆ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಹಾಗೂ ಮೂಳೆವೈದ್ಯ ಪ್ರಮೋದ್ ಕರಣ್ ಸೇಠಿ ರೂಪಿಸಿದ ಪಾದದ ಗುರಿ ಸಮತಟ್ಟಾದ ನೆಲದ ನಡಿಗೆ ಮಾತ್ರವಾಗಿರಲಿಲ್ಲ. ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಂಬಕ್ಕಳ ಹಾಕುವುದು, ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುವುದು ಅದರ ಉದ್ದೇಶಗಳಾಗಿದ್ದವು. ಪಾಶ್ಚಾತ್ಯ ಮಾದರಿಯ ಪಾದಕ್ಕೆ ಬೂಟು ಅನಿವಾರ್ಯವಾಗಿತ್ತು. 1995ರಲ್ಲಿ ಪ್ರಕಟವಾದ ಒಂದು ತುಲನಾತ್ಮಕ ಅಧ್ಯಯನ ನೆಲದ ಪ್ರತಿಕ್ರಿಯಾಬಲವನ್ನು ಅಳೆದು, ಸಹಜ ನಡಿಗೆಗೆ ಜೈಪುರ ಪಾದ ಹೆಚ್ಚು ಸಮೀಪವೆಂದು ಅಭಿಪ್ರಾಯಪಟ್ಟಿತು. ಆದರೆ ಆ ಪಾದದ ವೈಶಿಷ್ಟ್ಯವೆನಿಸಿದ ಕುಕ್ಕರಿಸುವಿಕೆ ಅಂತಹ ಅಳತೆಗೆ ನಿಲುಕುವುದಿಲ್ಲ. ಗೇಲಿಯವರ ಮಾಪಕದಲ್ಲಿ ಕುರ್ಚಿಯಿಂದ ಏಳುವುದಕ್ಕೆ ಅಂಕಗಳಿವೆ; ನೆಲದ ಮೇಲೆ ಕುಳಿತು ಏಳುವುದಕ್ಕೆ ಸ್ಥಾನವಿಲ್ಲ.

ಒಟ್ಟಿನಲ್ಲಿ, ನಡಿಗೆಯ ಮಾಪನವು ಯಂತ್ರಶಾಸ್ತ್ರದ ವಿಷಯವಾಗಿರುವಂತೆಯೇ ಸಂಸ್ಕೃತಿಯ ವಿಷಯವೂ ಆಗಿದೆ. ಪ್ರತಿಯೊಂದು ಮಾಪಕವೂ ತನ್ನನ್ನು ರೂಪಿಸಿದ ಸಮಾಜದ ದಿನಚರಿಯನ್ನು ಒಳಗೊಂಡಿರುತ್ತದೆ. ಅನ್ಯ ದಿನಚರಿಯ ಮಾಪಕದಿಂದ ಅಳೆದಾಗ, ಕೃಷಿಕನೊಬ್ಬ ಮರಳಿ ಪಡೆದ ಸಾಮರ್ಥ್ಯದ ಬಹುಭಾಗ ದಾಖಲೆಗೆ ಸೇರದೆ ಉಳಿಯುತ್ತದೆ. ಮಾಪಕಗಳನ್ನು ಭಾಷಾಂತರಿಸುವುದರೊಂದಿಗೆ ಅವುಗಳ ಅಂಶಗಳನ್ನೂ ಮರುಪರಿಶೀಲಿಸುವುದು ಆದುದರಿಂದ ಅಗತ್ಯ.