ಬಸ್ರೂರಿಗೆ ಬಂದ ಫಾರಿನ್ ಟೂರಿಸ್ಟ್, ವರ್ಷ 1623

ಭಾಗ 1/7

ಹ್ವಾಯ್, ಇಲ್ಕಾಣಿ.

ನಮ್ಮ ಕ್ಲಾಸ್ ಗ್ರೂಪಲ್ಲಿ ಈಗ ಒಂದೇ ವಿಷಯ: ಕೊನೇ ಸೆಮ್ ಮುಗಿದ ಮೇಲೆ ಫಾರಿನ್ ಟ್ರಿಪ್. ಒಬ್ಬ ವಿಯೆಟ್ನಾಂ ಅಂತಾನೆ, ಒಬ್ಬಳು ಬಾಲಿ ಅಂತಾಳೆ. ಇನ್ನೊಬ್ಬ ಹಳೇ ನಾಣ್ಯ, ಹಳೇ ಗಡಿಯಾರ, ಹಿತ್ತಾಳೆ ಬುದ್ಧ ಸಿಗೋ ಮಾರ್ಕೆಟ್ಟಿನ ರೀಲ್ ಕಳಿಸಿ, "ಅಲ್ಲಿಂದ ನಾಲ್ಕು ಪೀಸ್ ತಂದು ಇಲ್ಲಿ ಮಾರಿದ್ರೆ ಟಿಕೆಟ್ ದುಡ್ಡು ವಾಪಸ್" ಅಂತ ಲೆಕ್ಕ ಕೂಡ ಹಾಕಿದ್ದಾನೆ. ಬಿಕಾಂ ಮಕ್ಕಳಲ್ವಾ, ಟ್ರಿಪ್ಪಿಗೂ ಲಾಭ ನಷ್ಟದ ಪಟ್ಟಿ ಬೇಕು.

ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ. ಹಾಗಾಗಿ ನಾನು ಉಲ್ಟಾ ಹುಡುಕಿದೆ. ನಾವು ಫಾರಿನ್ನಿಗೆ ಹೋಗೋದು ಆಮೇಲೆ, ಮೊದಲು ನಮ್ಮೂರು ಯಾರಿಗೆ ಫಾರಿನ್ ಆಗಿತ್ತು? ಗ್ಯಾಂಗ್ ಕಟ್ಕೊಂಡು ಊರು ನೋಡ್ತಾ, ಹಳೇ ಸಾಮಾನು ಕೊಳ್ತಾ ಯಾರಾದ್ರೂ ಈ ಕಡೆ ಬಂದಿದ್ರಾ?

ಬಂದಿದ್ದ. ಅವನು ಬಸ್ರೂರಿಗೆ ಬಂದು 400 ವರ್ಷ ದಾಟಿತು. ಕೋಟೇಶ್ವರದಿಂದ ಬೈಕಲ್ಲಿ ಕಾಲು ಗಂಟೆ ದಾರಿ ಅಷ್ಟೇ, ಆದ್ರೆ ಸ್ಕೂಲಲ್ಲಿ ಯಾರೂ ನಮಗೆ ಹೇಳಿಲ್ಲ.

ಭಾಗ 2/7

ಹೆಸರು ಪಿಯೆತ್ರೋ ದೆಲ್ಲಾ ವಲ್ಲೆ. ಊರು ರೋಮ್. ಹುಟ್ಟಿದ್ದು 1586ರಲ್ಲಿ, ದೊಡ್ಡ ಮನೆತನದ ಹುಡುಗ. ಪ್ರೀತಿಸಿದ ಹುಡುಗಿ ಬೇರೆಯವನನ್ನ ಮದುವೆಯಾದಳು. ಇವನಿಗೆ ತಡೆಯೋಕಾಗಲಿಲ್ಲ. ನೇಪಲ್ಸ್‌ನಲ್ಲಿದ್ದ ಡಾಕ್ಟರ್ ಗೆಳೆಯ ಮಾರಿಯೋ ಸ್ಕಿಪಾನೋ, "ಸುಮ್ನೆ ಕೂರಬೇಡ, ಪೂರ್ವದ ಕಡೆ ಹೋಗು, ನೋಡಿದ್ದೆಲ್ಲ ನನಗೆ ಕಾಗದ ಬರಿ" ಅನ್ನೋ ಅರ್ಥದ ಸಲಹೆ ಕೊಟ್ಟ. ಬ್ರೇಕಪ್ ಆದ ಮೇಲೆ ಸೋಲೋ ಟ್ರಿಪ್ ಹೋಗೋದು ನಾವು ಕಂಡುಹಿಡಿದದ್ದಲ್ಲ ಮಾರ್ರೆ.

1614ರಲ್ಲಿ ವೆನಿಸ್ ಬಿಟ್ಟವನು ವಾಪಸ್ ರೋಮ್ ಸೇರಿದ್ದು 1626ರಲ್ಲಿ. ಹನ್ನೆರಡು ವರ್ಷ! ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಂ, ಡಮಾಸ್ಕಸ್, ಬಾಗ್ದಾದ್, ಪರ್ಷಿಯಾ, ಆಮೇಲೆ ಇಂಡಿಯಾ.

ಹೋದಲ್ಲೆಲ್ಲ ಶಾಪಿಂಗ್. ಈಜಿಪ್ಟಿನ ಸಕ್ಕಾರದಲ್ಲಿ 1615ರ ಕೊನೆಗೆ ಎರಡು ಮಮ್ಮಿ ಕೊಂಡ, ಒಂದು ಗಂಡಸಿನದು, ಒಂದು ಹೆಂಗಸಿನದು, ಬಟ್ಟೆ ಮೇಲೆ ಚಿನ್ನದ ಕೆಲಸ ಇದ್ದಂಥವು. ಡಮಾಸ್ಕಸ್‌ನಲ್ಲಿ 1616ರಲ್ಲಿ ಸಮಾರಿಟನ್ ಜನರ ಧರ್ಮಗ್ರಂಥದ ಹಳೇ ಹಸ್ತಪ್ರತಿ ಕೊಂಡ. ಯೂರೋಪಿನ ವಿದ್ವಾಂಸರಿಗೆ ಆ ಪಾಠ ಕೈಗೆ ಸಿಕ್ಕಿದ್ದು ಅದರಿಂದ. ಪರ್ಷಿಯಾದ ಪರ್ಸೆಪೊಲಿಸ್‌ನಲ್ಲಿ ಬಂಡೆ ಮೇಲಿದ್ದ ಮೊಳೆಯಾಕಾರದ ಅಕ್ಷರಗಳನ್ನ 1621ರಲ್ಲಿ ಕಾಪಿ ಮಾಡ್ಕೊಂಡು, "ಇದು ಎಡದಿಂದ ಬಲಕ್ಕೆ ಓದೋ ಲಿಪಿ ಇರಬೇಕು" ಅಂತ ಊಹಿಸಿದ. ಊಹೆ ಸರಿಯಾಗಿತ್ತು. ಪರ್ಷಿಯನ್ ಬೆಕ್ಕುಗಳನ್ನೂ ರೋಮಿಗೆ ಒಯ್ಯಬೇಕು ಅಂತ ಕಾಗದದಲ್ಲಿ ಬರೆದಿದ್ದಾನೆ!

ಆದ್ರೆ ಅವನ ಲಗೇಜಲ್ಲಿ ಎಲ್ಲಕ್ಕಿಂತ ಭಾರದ ಪೆಟ್ಟಿಗೆ ಬೇರೆಯೇ ಇತ್ತು. ಬಾಗ್ದಾದಲ್ಲಿ ಮಾನಿ ಅನ್ನೋ ಕ್ರೈಸ್ತ ಹುಡುಗಿಯನ್ನ ಮದುವೆಯಾಗಿದ್ದ. 1621ರ ಡಿಸೆಂಬರ್ ಕೊನೆಗೆ ಪರ್ಷಿಯಾದ ಕರಾವಳಿ ಹತ್ರ ಜ್ವರದಲ್ಲಿ ಅವಳು ತೀರಿಹೋದಳು. ಇವನು ಮಣ್ಣು ಮಾಡಲಿಲ್ಲ. ಶವಕ್ಕೆ ಕೆಡದ ಹಾಗೆ ಔಷಧಿ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಪರ್ಷಿಯಾದಿಂದ ಇಂಡಿಯಾಕ್ಕೆ, ಇಂಡಿಯಾದಿಂದ ರೋಮಿಗೆ ತಗೊಂಡುಹೋದ. 1627ರಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ.

ಇದು ನೆನಪಿರಲಿ. ಭಾಗ 5ರಲ್ಲಿ ಬೇಕಾಗ್ತದೆ.

ಭಾಗ 3/7

1623ರ ಫೆಬ್ರವರಿಯಲ್ಲಿ ಸೂರತ್, ಏಪ್ರಿಲ್ ಹೊತ್ತಿಗೆ ಗೋವಾ. ಅಕ್ಟೋಬರಲ್ಲಿ ಒಂದು ಒಳ್ಳೇ ಗ್ರೂಪ್ ಟ್ರಿಪ್ ಸಿಕ್ಕಿತು. ಗೋವಾದ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಹತ್ರ ರಾಯಭಾರಿ ಕಳಿಸ್ತಿದ್ರು. ಆಗ ರಾಜಧಾನಿ ಇಕ್ಕೇರಿ. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಕಾಳುಮೆಣಸು, ನಾಯಕನ ಕೈಯಲ್ಲಿದ್ದದ್ದೂ ಕಾಳುಮೆಣಸು. ದೆಲ್ಲಾ ವಲ್ಲೆ ಬರೀ ನೋಡೋಕೆ ಅಂತ ಜೊತೆಗೆ ಹೊರಟ.

ಅದೇ ತಂಡದಲ್ಲಿ ನಾಯಕನ ಕಡೆಯ ರಾಯಭಾರಿಯೂ ಊರಿಗೆ ವಾಪಸ್ ಹೊರಟಿದ್ದ. ಅವನ ಹೆಸರನ್ನ ಇಟಲಿಯವನು "ವಿಟುಲಾ ಸಿನಾಯ್" ಅಂತ ಬರೆದಿದ್ದಾನೆ. ಒಂದ್ಸಲ ಜೋರಾಗಿ ಓದಿ ಕಾಣಿ. ವಿಠಲ ಶೆಣೈ! ನಮ್ಮ ಕ್ಲಾಸಲ್ಲೇ ಎಷ್ಟು ಶೆಣೈ ಇದ್ದಾರೆ ಲೆಕ್ಕ ಹಾಕಿ.

ಸಮುದ್ರದಲ್ಲಿ ಹೊನ್ನಾವರ, ಹೊಳೆಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಇವತ್ತು ನಾವು ಕಾರಲ್ಲಿ ಹಾಡು ಹಾಕ್ಕೊಂಡು ಹೋಗೋ ಸೀಮೆ.

ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಕೂತಾಗ ನಾಲ್ಕು ಹುಡುಗರನ್ನ ಕಂಡ. ನೆಲಕ್ಕೆ ನುಣ್ಣಗೆ ಮರಳು ಹರಡಿ, ಒಬ್ಬ ರಾಗವಾಗಿ ಲೆಕ್ಕ ಹೇಳ್ತಾ ಬೆರಳಲ್ಲಿ ಬರೀತಾನೆ, ಉಳಿದವರು ಹಾಗೇ ಹಾಡ್ತಾ ಹಾಗೇ ಬರೀತಾರೆ. ಜಾಗ ತುಂಬಿದ್ರೆ ಅಳಿಸಿ ಮತ್ತೆ ಮರಳು ಹಾಕೋದು. "ಮರೆತುಹೋದ್ರೆ ಯಾರು ಹೇಳಿಕೊಡ್ತಾರೆ, ಮೇಷ್ಟ್ರು ಇಲ್ವಲ್ಲ?" ಅಂತ ಇವನು ಕೇಳಿದ್ದಕ್ಕೆ ಹುಡುಗರು ಕೊಟ್ಟ ಉತ್ತರದ ಸಾರ ಇಷ್ಟು: ನಾವು ನಾಲ್ಕೂ ಜನ ಒಟ್ಟಿಗೇ ಮರೆಯೋದಿಲ್ಲ, ಒಬ್ಬನಿಗೆ ಬಾರದ್ದು ಇನ್ನೊಬ್ಬನಿಗೆ ಬರ್ತದೆ.

ಎಕ್ಸಾಂ ಹಿಂದಿನ ರಾತ್ರಿ ನಮ್ಮ ಗ್ರೂಪ್ ಸ್ಟಡಿ ಇದೇ ಅಲ್ವಾ?

ಇಕ್ಕೇರಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಸುತ್ತು ಕುಣಿಯೋದನ್ನ ಕಂಡು, ಹಾಡಿನ ನಡುವೆ ಬರೋ "ಕೋಲೇ ಕೋಲೇ" ಅನ್ನೋದನ್ನೂ ಕೇಳಿದ ಹಾಗೇ ಬರೆದಿಟ್ಟ. ಭಾಷೆ ಬಾರದವನ ಕಿವಿಗೆ ಬಿದ್ದ ಕನ್ನಡ. ಇವತ್ತೂ ಕೋಲಾಟದಲ್ಲಿ ಅದೇ ಮಾತು.

ಭಾಗ 4/7

ನವೆಂಬರ್ ಕೊನೆಗೆ ಇಕ್ಕೇರಿ ಬಿಟ್ಟು ಘಟ್ಟ ಇಳಿದು ಬಂದದ್ದೇ ನಮ್ಮ ಬಸ್ರೂರಿಗೆ. ಯೂರೋಪಿನವರ ಬಾಯಲ್ಲಿ "ಬಾರ್ಸೆಲೂರ್". ಆಗ ಅದು ನಿದ್ದೆ ಹೊಡೆಯೋ ಹಳ್ಳಿಯಲ್ಲ, ಅಕ್ಕಿ ಮತ್ತು ಮೆಣಸಿನ ದೊಡ್ಡ ಬಂದರು. ಇಲ್ಲಿಂದ ಹೊರಟ ಅಕ್ಕಿ ಗೋವಾದಲ್ಲಿ ಅನ್ನ ಆಗ್ತಿತ್ತು, ಹೊರ್ಮುಜ್ ತನಕ ಹೋಗ್ತಿತ್ತು. ಬಸ್ರೂರಿನ ಶೆಟ್ಟಿಕಾರರ ಸಂಘದ ವಿಷಯ ಶಾಸನಗಳಲ್ಲೇ ಇದೆ. ನಾವು ಓದೋ ಟ್ರೇಡ್ ಅಸೋಸಿಯೇಷನ್ ಅನ್ನೋದಕ್ಕೆ ಪಕ್ಕದೂರಲ್ಲೇ ಕಲ್ಲಿನ ದಾಖಲೆ.

ಆ ಹೊತ್ತಿಗೆ ಬಸ್ರೂರು ಎರಡು. ಮೇಲಿನದು ನಾಯಕನದು, ಪೇಟೆ ಇದ್ದದ್ದು ಅಲ್ಲಿ. ಕೆಳಗಿನದು ಹೊಳೆಬಾಯಿ ಕಡೆ, 1569ರಿಂದ ಕೋಟೆ ಕಟ್ಕೊಂಡು ಕೂತ ಪೋರ್ಚುಗೀಸರದು. ದೆಲ್ಲಾ ವಲ್ಲೆ ಎರಡನ್ನೂ ಕಂಡ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಕೊಳ್ಳೆ ಹೊಡೆದದ್ದೂ ಇದೇ ಊರನ್ನ. ಏನೂ ಇಲ್ಲದ ಊರಿಗೆ ಯಾರಾದ್ರೂ ಅಷ್ಟು ದೂರದಿಂದ ಕೊಳ್ಳೆ ಹೊಡೆಯೋಕೆ ಬರ್ತಾರಾ?

ಇಲ್ಲಿಂದ ಅವನು ಮಂಗಳೂರಿಗೆ ಹೋದ. ಡಿಸೆಂಬರಲ್ಲಿ ಉಳ್ಳಾಲದ ರಾಣಿಯನ್ನ ಭೇಟಿಯಾದ. ಅರಮನೆಯಲ್ಲಿ ಸಿಂಹಾಸನದ ಮೇಲೆ ಕೂತಿರ್ತಾಳೆ ಅಂದ್ಕೊಂಡಿದ್ದವನಿಗೆ ಕಂಡದ್ದು ಬೇರೆ: ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ಹೊರಗೆ ನಿಂತು ಮಣ್ಣು ಅಗೆಸೋ ಕೆಲಸ ನೋಡ್ಕೊಳ್ತಿದ್ದ ಹೆಂಗಸು. ಅವಳ ಮೈಬಣ್ಣದ ಬಗ್ಗೆ, ನಮ್ಮ ದೇವರುಗಳ ಬಗ್ಗೆ ಅವನು ಬರೆದದ್ದು ಓದಿದ್ರೆ ಸಿಟ್ಟು ಬರ್ತದೆ. ಅದೇ ಕಾಗದದಲ್ಲಿ ಅವಳ ಮಾತು ಎಷ್ಟು ಗಂಭೀರ ಅಂತಲೂ ಬರೆದಿದ್ದಾನೆ. ಎರಡೂ ಒಬ್ಬನದೇ ಕೈಬರಹ.

ಭಾಗ 5/7

ಈ ಭಾಗ ಬರೆಯೋದು ಕಷ್ಟ ಆಯ್ತು. ಓದೋಕೆ ಬೇಡ ಅನ್ನಿಸಿದ್ರೆ ಮುಂದಿನದಕ್ಕೆ ಹೋಗಿ, ತಪ್ಪಿಲ್ಲ.

ಇಕ್ಕೇರಿಯಲ್ಲಿ, ನವೆಂಬರ್ 1623. ಡೋಲು ಬಾರಿಸೋನೊಬ್ಬ ಸತ್ತಿದ್ದ. ಅವನ ಹೆಂಡತಿ ಸಹಗಮನ ಮಾಡ್ತೇನೆ ಅಂತ ನಿರ್ಧಾರ ಮಾಡಿ, ಆಗಿನ ಕ್ರಮದ ಹಾಗೆ ದಿನಾ ಮೆರವಣಿಗೆಯಲ್ಲಿ ಊರು ಸುತ್ತುತ್ತಿದ್ದಳು. ದೆಲ್ಲಾ ವಲ್ಲೆ ಅವಳ ಮನೆಗೇ ಹೋದ. ಜೀವ ಕಳ್ಕೊಳ್ಳಬೇಡ ಅಂದ. ಇಬ್ಬರು ಸಣ್ಣ ಮಕ್ಕಳಿದ್ದಾರಲ್ಲ, ಅವರ ಗತಿ ಏನು ಅಂದ. ಯಾರಾದ್ರೂ ಒತ್ತಾಯ ಮಾಡ್ತಿದ್ದಾರಾ ಅಂತ ಕೇಳಿದ. ಇಲ್ಲ, ನನ್ನದೇ ಮನಸ್ಸು, ಮಕ್ಕಳನ್ನ ಮನೆಯವರು ನೋಡ್ಕೊಳ್ತಾರೆ ಅಂದಳು.

ಮನಸ್ಸು ಅವಳದೇ ಆಗಿತ್ತಾ? ಗಂಡ ಸತ್ತ ಹೆಂಗಸಿಗೆ ಆ ಕಾಲ ಬೇರೆ ಯಾವ ದಾರಿ ಇಟ್ಟಿತ್ತು ಅಂತ ಯೋಚನೆ ಮಾಡಿದ್ರೆ ಆ "ನನ್ನದೇ ಮನಸ್ಸು" ಅನ್ನೋ ಮಾತನ್ನ ಹಾಗೇ ನಂಬೋಕೆ ನನಗಾಗೋದಿಲ್ಲ. ಬ್ರಿಟಿಷ್ ಸರ್ಕಾರ ಇದನ್ನ ಕಾನೂನಲ್ಲಿ ನಿಲ್ಲಿಸಿದ್ದು 1829ರಲ್ಲಿ ಬಂಗಾಳದಿಂದ ಶುರುಮಾಡಿ. ಅಂದ್ರೆ ಇವಳಾದ ಮೇಲೆ 200 ವರ್ಷ.

ಹೆಂಡತಿಯ ಶವವನ್ನ ಪೆಟ್ಟಿಗೆಯಲ್ಲಿಟ್ಟು ದೇಶ ದೇಶ ಸಾಗಿಸ್ತಿದ್ದ ಗಂಡ. ಗಂಡ ಸತ್ತ ಅಂತ ತಾನೂ ಸಾಯೋಕೆ ಹೊರಟ ಹೆಂಡತಿ. ಇಬ್ಬರೂ ಎದುರುಬದುರು ಕೂತು ಮಾತಾಡಿದ್ದಾರೆ. ನಾನು ಇದನ್ನ ಬಸ್ಸಲ್ಲಿ ಓದಿ ಫೋನ್ ಬದಿಗಿಟ್ಟು ಸುಮ್ನೆ ಕೂತೆ.

ಅವನಿಗೆ ಅವಳನ್ನ ಉಳಿಸೋಕಾಗಲಿಲ್ಲ. ಆದ್ರೆ ಹೆಸರು ಕೇಳಿದ. ನಿನ್ನ ಹೆಸರು ಪ್ರಪಂಚದಲ್ಲಿ ಉಳಿಯೋ ಹಾಗೆ ಮಾಡ್ತೇನೆ ಅಂತ ಮಾತು ಕೊಟ್ಟ. ಅವನು ಇಟಾಲಿಯನ್ನಲ್ಲಿ ಬರ್ಕೊಂಡ ಹೆಸರು ನಮ್ಮ ಬಾಯಲ್ಲಿ ಹೇಳೋದಾದ್ರೆ ಜಕ್ಕಮ್ಮ.

ಇಂಡಿಯಾದ ಕಾಗದಗಳು ಪುಸ್ತಕ ಆಗಿ ಬಂದದ್ದು 1663ರಲ್ಲಿ, ಅವನು ಸತ್ತು ಹನ್ನೊಂದು ವರ್ಷಕ್ಕೆ. ಇಂಗ್ಲಿಷ್ ಅನುವಾದದ ಮೇಲೆ ಟಿಪ್ಪಣಿ ಸೇರಿಸಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿ 1892ರಲ್ಲಿ ಎರಡು ಸಂಪುಟ ತಂದಿತು. ಕೆಳದಿ ನಾಯಕರ ಊರಿನ ಒಬ್ಬ ಡೋಲಿನವನ ಹೆಂಡತಿಯ ಹೆಸರು ಇವತ್ತು ನಿಮ್ಮ ಫೋನಿಗೆ ಬಂದದ್ದು ಆ ದಾರಿಯಲ್ಲಿ.

ಭಾಗ 6/7

ಈಗ ಆ ಎರಡು ಮಮ್ಮಿಗಳ ಕಡೆ ಬನ್ನಿ. 1728ರಲ್ಲಿ ಅವು ಸ್ಯಾಕ್ಸನಿಯ ಅರಸನ ಸಂಗ್ರಹ ಸೇರಿ, ಇವತ್ತು ಜರ್ಮನಿಯ ಡ್ರೆಸ್ಡೆನ್ ಮ್ಯೂಸಿಯಮ್ಮಲ್ಲಿವೆ. ಅವುಗಳ ಕಥೆ ಓದಿದ್ರೆ ಯಾರು ಕೊಂಡ, ಯಾರಿಗೆ ಹೋಯ್ತು ಅನ್ನೋದೆಲ್ಲ ಸಿಗ್ತದೆ. ಒಳಗೆ ಮಲಗಿರೋರು ಯಾರ ಅಪ್ಪ, ಯಾರ ಅಮ್ಮ ಅನ್ನೋದು ಸಿಗೋದಿಲ್ಲ. ವಸ್ತು ಉಳಿಯಿತು, ಕೊಂಡವನ ಹೆಸರು ಉಳಿಯಿತು, ಅವರ ಹೆಸರು ಹೋಯ್ತು.

ಜಕ್ಕಮ್ಮನದು ಉಲ್ಟಾ. ವಸ್ತು ಒಂದೂ ಉಳಿದಿಲ್ಲ, ಹೆಸರು ಉಳಿಯಿತು. ಯಾಕಂದ್ರೆ ಒಬ್ಬ ಕೇಳಿದ, ಬರೆದ.

ಇದು ನನಗೆ ತಾಗಿದ್ದು ಯಾಕೆ ಅಂತ ಹೇಳ್ತೇನೆ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ಹಳೇ ಮನೆ ತೆಗೆದು ಟೆರೇಸ್ ಮನೆ ಕಟ್ಟಿದ್ವಿ. ಆಗ ಹಳೇ ಸಾಮಾನು ಕೊಳ್ಳೋನೊಬ್ಬ ಬಂದ. ತಾಮ್ರದ ಹಂಡೆ, ಹರಿವಾಣ, ಅಜ್ಜಿಯ ಕಂಚಿನ ಗಿಂಡಿ ಎಲ್ಲ ಒಟ್ಟಿಗೆ ತಕ್ಕಡಿಗೆ ಹೋಯ್ತು. ಕೆಜಿ ಲೆಕ್ಕ. ಗೋಣಿಗೆ ತುಂಬಿ ಆಟೋದಲ್ಲಿ ಹಾಕಿದ್ದು ನಾನೇ. ಬಂದ ದುಡ್ಡಲ್ಲಿ ನನಗೊಂದು ಇಯರ್‌ಫೋನ್ ಕೂಡ ಸಿಕ್ಕಿತು.

ಸಂಜೆ ಅಜ್ಜಿ ಜಗಲಿಯಲ್ಲಿ ಕೂತು ಮೆಲ್ಲಗೆ ಹೇಳಿದ್ರು: "ಆ ಗಿಂಡಿ ನನ್ ಅತ್ತಿ ಕೊಟ್ಟದ್ದ್ ಮಾರಾಯ. ಅವ್ರಿಗೆ ಅವ್ರ್ ಅತ್ತಿ ಕೊಟ್ಟದ್ದಂಬ್ರ್." ಅಷ್ಟೇ. ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

ಆಮೇಲೊಂದು ದಿನ ಆನ್‌ಲೈನಲ್ಲಿ ಅಂಥದ್ದೇ ಗಿಂಡಿ "ವಿಂಟೇಜ್ ಸೌತ್ ಇಂಡಿಯನ್" ಅಂತ ನಾವು ಮಾರಿದ್ದಕ್ಕಿಂತ ಹತ್ತು ಪಟ್ಟು ರೇಟಿಗೆ ಕಂಡೆ. ನಮ್ಮದೇ ಅಂತ ಹೇಳೋಕಾಗೋದಿಲ್ಲ. ಹೇಳೋಕಾಗದೇ ಇರೋದೇ ನನ್ನ ಸಂಕಟ. ಒಂದು ಫೋಟೋ ಇಲ್ಲ, ಅಳತೆ ಇಲ್ಲ, ಅಜ್ಜಿಯ ಅತ್ತೆಯ ಅತ್ತೆ ಯಾರು ಅಂತ ಕೇಳಿರಲಿಲ್ಲ. ಅಜ್ಜಿ ಈಗ ಇಲ್ಲ. ಇಟಲಿಯವನು ಗುರುತಿಲ್ಲದ ಹೆಂಗಸಿಗೆ ಕೇಳಿದ ಪ್ರಶ್ನೆಯನ್ನ ನಾನು ಸ್ವಂತ ಅಜ್ಜಿಗೆ ಕೇಳಲಿಲ್ಲ.

ಅಕೌಂಟ್ಸಲ್ಲಿ ವರ್ಷ ವರ್ಷ ಸವಕಳಿ ಹಾಕ್ತಾ ಹೋದ್ರೆ ಆ ಗಿಂಡಿಯ ಬುಕ್ ವ್ಯಾಲ್ಯೂ ಸೊನ್ನೆ. ಗುಜರಿಯವನ ತಕ್ಕಡಿಯಲ್ಲಿ ಅದು ಇಷ್ಟು ಕೆಜಿ ಕಂಚು. ಜಗಲಿಯಲ್ಲಿ ಕೂತ ಅಜ್ಜಿಗೆ ಅದು ಎರಡು ತಲೆಮಾರಿನ ಹೆಂಗಸರು. ಯಾವ ಲೆಡ್ಜರಲ್ಲಿ ಬರೀತೀರಿ?

ಭಾಗ 7/7

ಟ್ರಿಪ್ ಪ್ಲಾನ್ ಮಾಡ್ತಿರೋ ಗ್ಯಾಂಗಿಗೆ ಸ್ವಲ್ಪ ಕೆಲಸದ ಮಾತು. ನಮ್ಮ ದೇಶದಲ್ಲಿ 1972ರ ಪ್ರಾಚ್ಯವಸ್ತು ಕಾನೂನು ಇದೆ, ಜಾರಿಗೆ ಬಂದದ್ದು 1976ರಲ್ಲಿ. ಅದರ ಪ್ರಕಾರ 100 ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾಕೃತಿಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತು. ಖಾಸಗಿಯವರು ಅವನ್ನ ದೇಶದ ಹೊರಗೆ ಒಯ್ಯೋ ಹಾಗಿಲ್ಲ. ದೇಶದೊಳಗೆ ಅದರ ವ್ಯಾಪಾರ ಮಾಡೋಕೂ ಲೈಸೆನ್ಸ್ ಬೇಕು. ಈಜಿಪ್ಟಿನಲ್ಲಿ 1983ರ ಕಾನೂನು ಈ ವ್ಯಾಪಾರವನ್ನೇ ನಿಲ್ಲಿಸಿತು. ಬೇರೆ ದೇಶಗಳಲ್ಲೂ ಇಂಥ ಕಾನೂನುಗಳಿವೆ. ಹಾಗಾಗಿ ರೀಲ್ ನೋಡಿ "ನಿಜವಾದ ಆಂಟಿಕ್" ಕೊಂಡ್ರೆ ಎರಡೇ ಸಾಧ್ಯತೆ. ನಕಲಿ ಆಗಿದ್ರೆ ದುಡ್ಡು ಹೋಯ್ತು, ಅಸಲಿ ಆಗಿದ್ರೆ ಏರ್‌ಪೋರ್ಟಲ್ಲಿ ಮಾನ ಹೋಯ್ತು. ಹೊಸತಾಗಿ ಮಾಡಿದ ವಸ್ತು ಕೊಳ್ಳಿ, ಮಾಡಿದವರ ಕೈಯಿಂದಲೇ ಕೊಳ್ಳಿ, ಅವರ ಹೆಸರು ಕೇಳಿ.

ಟ್ರಿಪ್ಪಿಂದ ಏನಾದ್ರೂ ತರೋದು ತಪ್ಪಲ್ಲ. ನಮ್ಮ ಕೊಡಿ ಹಬ್ಬಕ್ಕೆ ಬಂದ ಹೊಸ ಜೋಡಿಗಳು ಕಬ್ಬಿನ ಕೊಡಿ ಹಿಡ್ಕೊಂಡೇ ಮನೆಗೆ ಹೋಗೋದು. ಆದ್ರೆ ಕಬ್ಬು ಬೆಳೆದವನಿಗೆ ಬರೋ ವರ್ಷ ಮತ್ತೆ ಬೆಳೆ ಬರ್ತದೆ. ಅಜ್ಜಿಯ ಗಿಂಡಿ ಮತ್ತೆ ಬೆಳೆಯೋದಿಲ್ಲ.

ಟ್ರಿಪ್ಪಿಗೆ ಮೊದಲು ಈ ಭಾನುವಾರ ಒಂದು ಕೆಲಸ ಮಾಡಿ. ನಾವು ಬಿಕಾಂನವರು, ಸ್ಟಾಕ್ ರಿಜಿಸ್ಟರ್ ಬರೆಯೋಕೆ ಬರ್ತದೆ. ಒಂದು ನೋಟ್‌ಬುಕ್, ಐದು ಕಾಲಂ: ವಸ್ತು ಏನು, ಮನೆಯಲ್ಲಿ ಅದಕ್ಕೆ ಹೇಳೋ ಹೆಸರೇನು, ಯಾರು ತಂದದ್ದು, ಯಾರಿಂದ ಯಾರಿಗೆ ಬಂತು, ಎಂತಕ್ಕೆ ಬಳಸ್ತಿದ್ರು. ಪಕ್ಕದಲ್ಲಿ ಒಂದು ಫೋಟೋ. ಅಟ್ಟದಲ್ಲಿ ತಾಳೆಗರಿ ಓಲೆಕಟ್ಟು ಇದ್ರೆ ಎಣ್ಣೆ ಗಿಣ್ಣೆ ಹಚ್ಚೋಕೆ ಹೋಗಬೇಡಿ, ಬಿಚ್ಚಬೇಡಿ, ಗೊತ್ತಿರೋರಿಗೆ ತೋರಿಸಿ. ಆಮೇಲೆ ಮಾರೋದಾದ್ರೆ ಮಾರಿ, ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ. ಹೆಸರು ಮಾತ್ರ ತಕ್ಕಡಿಗೆ ಹಾಕಬೇಡಿ.

ನಾನು ಶುರು ಮಾಡಿದ್ದೇನೆ. ನಮ್ಮಲ್ಲಿ ಉಳಿದಿರೋದು ಒಂದು ಮರದ ಸೇರು, ಒಂದು ಒರಳು ಕಲ್ಲು. ಮೊದಲ ಸಾಲಲ್ಲಿ ಮಾತ್ರ ಇಲ್ಲದ ವಸ್ತು ಬರೆದಿದ್ದೇನೆ: ಗಿಂಡಿ, ಕಂಚು, ಅಜ್ಜಿಯ ಅತ್ತೆ ಕೊಟ್ಟದ್ದು, ತೂಕಕ್ಕೆ ಮಾರಿದ್ದು ನಾವು.

ನಿಮ್ಮ ಮನೆಯ ಒಂದು ವಸ್ತು, ಒಂದು ಹೆಸರು ಕೆಳಗೆ ಬರೀರಿ. ಅಜ್ಜಿ, ಅಮ್ಮಮ್ಮ ಇದ್ದೋರು ಇವತ್ತೇ ಕೇಳಿ. ಮುಂದಿನ ವಾರ ಬಸ್ರೂರಿಗೆ ಹೋಗ್ತಿದ್ದೇನೆ, ಮರದ ಬೇರು ಅಪ್ಪಿಕೊಂಡ ತುಳುವೇಶ್ವರ ಗುಡಿಯ ಹತ್ರ. ಬರೋರು ಮೆಸೇಜ್ ಮಾಡಿ. ಪಾಸ್‌ಪೋರ್ಟ್ ಬೇಡ, ಹೆಲ್ಮೆಟ್ ಸಾಕು.

#ಕೋಟೇಶ್ವರ #ಬಸ್ರೂರು #ಕುಂದಾಪುರ #ನಮ್ಮೂರಿನಇತಿಹಾಸ #ಅಜ್ಜಿಯಗಿಂಡಿ